ಭಾವನ ಸೈಕಲ್ಲು, ಅಕ್ಕನ ಕಿವಿ

ಬೇರೆ ಊರುಗಳಲ್ಲಿ ಸೈಕಲ್ ಹೊಡೆಯುವವರು ಹೊರಡುವ ಮೊದಲು ಏರು ಎಷ್ಟು, ಇಳಿಜಾರು ಎಷ್ಟು, ಗಾಳಿ ಯಾವ ಕಡೆಯಿಂದ ಎಂದೆಲ್ಲ ನೋಡುತ್ತಾರಂತೆ. ಸಿರ್ಸಿಯಿಂದ ಹೊರಡುವ ನಾವು ನೋಡಬೇಕಾದದ್ದು ಒಂದೇ: ಆ ದಾರಿಯಲ್ಲಿ ನೆಂಟರ ಮನೆ ಎಷ್ಟಿವೆ. ಏರನ್ನು ಗೇರು ಬದಲಿಸಿ ಹತ್ತಬಹುದು. ನೆಂಟರ ಮನೆಯ ಮುಂದೆ ಯಾವ ಗೇರೂ ನಡೆಯುವುದಿಲ್ಲ. ಕಂಡೂ ಕಾಣದಂತೆ ಹೋದರೆ ಮುಂದಿನ ಮೂರು ಮದುವೆಗಳಲ್ಲಿ ಅದೇ ಮಾತು. ನಿಂತರೆ ಮೊದಲು ಬೆಲ್ಲ-ನೀರು, ಆಮೇಲೆ ಊಟ, ಊಟದ ಮೇಲೆ ಒಂದು ಚಾಪೆ. ಚಾಪೆಯ ಮೇಲೆ ಅಡ್ಡಾದ ಸವಾರ ಮತ್ತೆ ಎದ್ದು ಅದೇ ದಿನ ಪೆಡಲ್ ತುಳಿದ ಉದಾಹರಣೆ ನಮ್ಮ ಮೂರು ತಾಲ್ಲೂಕುಗಳಲ್ಲಿ ಅಪರೂಪ.

ಹಾಗಾಗಿ ನನ್ನ ಭಾವ, ಎಂದರೆ ಅಕ್ಕನ ಗಂಡ, ಸೈಕಲ್ ತಂದ ಮೊದಲ ವಾರ ಮಾಡಿದ ಕೆಲಸ ನಕ್ಷೆಯ ಮೇಲೆ ಕೆಂಪು ಚುಕ್ಕಿ ಇಡುವುದು. ಚುಕ್ಕಿ ಇದ್ದಲ್ಲಿ ನೆಂಟರು. ಇಟ್ಟು ಮುಗಿದ ಮೇಲೆ ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಮೂರಕ್ಕೂ ದಡಾರ ಎದ್ದಂತೆ ಕಾಣುತ್ತಿತ್ತು.

ಭಾವನಿಗೆ ಪೇಟೆಯಲ್ಲಿ ಔಷಧದ ಅಂಗಡಿ. ಎದೆನೋವು ಎಂದು ಬಂದ ಯಾರಿಗೂ ಅವರು ಗುಳಿಗೆ ಕೊಟ್ಟವರಲ್ಲ. ಮೊದಲು ಡಾಕ್ಟರ ಹತ್ತಿರ ಓಡು ಎಂದು ಗದರಿಸಿ ಕಳಿಸುವವರು. ಅಂಥವರು, ಹಿಂದಿನ ಮಳೆಗಾಲದ ಒಂದು ಬೆಳಿಗ್ಗೆ ತಮ್ಮದೇ ಎದೆ ಹಿಡಿದುಕೊಂಡಾಗ ಅದಕ್ಕೆ ಗ್ಯಾಸ್ ಎಂದು ನಾಮಕರಣ ಮಾಡಿ, ಸ್ವಂತ ಕಪಾಟಿನಿಂದ ಎರಡು ಗುಳಿಗೆ ನುಂಗಿ, ನಾಲ್ಕು ತಾಸು ಗಿರಾಕಿಗಳಿಗೆ ಕೆಮ್ಮಿನ ಔಷಧ ಕೊಡುತ್ತ ನಿಂತಿದ್ದರು. ಮಧ್ಯಾಹ್ನ ಬುತ್ತಿ ಕೊಡಲು ಹೋದ ನನಗೆ ಕಂಡದ್ದು ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂತು ಬೆವರುತ್ತಿದ್ದ ಮನುಷ್ಯ. ಆಗಲೂ ಅವರು ಹೇಳಿದ್ದು, ಮೂಲಂಗಿ ಜಾಸ್ತಿ ಆತು ಎಂದು. ಹುಬ್ಬಳ್ಳಿಯವರೆಗೆ ಕಾರಿನಲ್ಲಿ ಅವರ ತಲೆ ನನ್ನ ಭುಜದ ಮೇಲಿತ್ತು. ಮುಂದಿನ ಸೀಟಿನಲ್ಲಿದ್ದ ಅಕ್ಕ ಒಂದು ಸಲವೂ ಹಿಂದೆ ತಿರುಗಲಿಲ್ಲ.

ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಭಾವ ಒಂದು ಪ್ರೇಕ್ಷಣೀಯ ಸ್ಥಳವಾದರು. ಜನ ಬಂದು ನೋಡಿಕೊಂಡು ಹೋದರು. ಮನೆಯಲ್ಲಿ ಸೇಬು ಎಷ್ಟು ಸೇರಿತೆಂದರೆ ಅಕ್ಕ ಅದಕ್ಕೆ ಮೊಸರು ಬೆರೆಸಿ ಸಾಸಿವೆ ಎಂಬ ಪದಾರ್ಥವನ್ನೂ ಮಾಡಿದಳು, ಯಾರೂ ತಿನ್ನಲಿಲ್ಲ. ಬಂದವರು ಭಾವನನ್ನು ನೋಡುತ್ತ ಅಕ್ಕನೊಡನೆ ಮಾತಾಡುತ್ತಿದ್ದರು. ಊಟ ಸೇರುತ್ತದೆಯೇ, ನಿದ್ದೆ ಬರುತ್ತದೆಯೇ ಎಂದು ಕೇಳುತ್ತಿದ್ದದ್ದು ಅವಳನ್ನೇ. ಐವತ್ತೆರಡು ವರ್ಷದ ಗಂಡಸು ಎದುರಿಗೇ ಕೂತಿದ್ದಾನೆ, ಅವನಿಗೂ ಬಾಯಿ ಇದೆ ಎಂಬುದು ಯಾರಿಗೂ ಹೊಳೆಯುತ್ತಿರಲಿಲ್ಲ.

ಅದರಿಂದ ಪಾರಾಗಲು ಅವರು ಹಿಡಿದ ಹಾದಿ ಸೈಕಲ್ಲು. ಡಾಕ್ಟರು ಬೆಲ್ಟಿನ ಮೇಲೆ ಓಡಿಸಿ ಪರೀಕ್ಷೆ ಮಾಡಿ, ತುಳಿಯಬಹುದು, ಆದರೆ ತುಳಿಯುತ್ತ ಮಾತಾಡಲು ಆಗುವಷ್ಟೇ ತುಳಿಯಬೇಕು ಎಂದಿದ್ದರು. ಭಾವನಿಗೆ ಆ ಮಾತಿನ ಮೊದಲ ಅರ್ಧ ಮಾತ್ರ ಕೇಳಿಸಿತು. ಅಕ್ಕನಿಗೆ ಎರಡನೇ ಅರ್ಧ. ಅವಳು ನನ್ನನ್ನು ಅಡುಗೆಮನೆಗೆ ಕರೆದು ಷರತ್ತು ಹೇಳಿದಳು.

"ಅವ್ರು ಎಲ್ಲಿಗೆ ಹೋದ್ರೂ ನೀ ಜೊತಿಗೆ ಹೋಗವು. ಉಸಿರು ಒಂದು ಸಲ ಹೆಚ್ಚುಕಮ್ಮಿ ಆತು ಹೇಳಿ ಯನ್ನ ಕಿವಿಗೆ ಬಿದ್ದ್ರೆ, ಸೈಕಲ್ ಅಟ್ಟಕ್ಕೆ ಹೋಗ್ತು. ಮತ್ತೆ ಇಳಿತಿಲ್ಲೆ."

ಅಂಗರಕ್ಷಕನಾಗಿ ನನಗಿದ್ದ ಅರ್ಹತೆ ಎಂದರೆ ಒಂದು ಹಳೆಯ ಗೇರ್ ಸೈಕಲ್ಲು ಮತ್ತು ಭಾನುವಾರ ಬೇರೆ ಕೆಲಸ ಇಲ್ಲದಿರುವುದು. ನನ್ನ ಕಸುಬು ಬಾಯಿಯದ್ದು. ಮದುವೆ ಆರತಕ್ಷತೆ, ಸಂಘಗಳ ವಾರ್ಷಿಕೋತ್ಸವಗಳಲ್ಲಿ ಕಾರ್ಯಕ್ರಮ ನಿರೂಪಣೆ; ನಡುನಡುವೆ ಊರಿನವರ ಧ್ವನಿ ತೆಗೆದು ನಗಿಸುವುದು. ನಮ್ಮ ಪುರೋಹಿತರ ಸೀನು, ಬಸ್ ಕಂಡಕ್ಟರನ ಸೀಟಿ, ಅಕ್ಕ ಫೋನಿನಲ್ಲಿ ಅತ್ತಿಗೆಯೊಡನೆ ಮಾತಾಡುವಾಗಿನ ಜೇನು, ಫೋನು ಇಟ್ಟ ಮೇಲಿನ ಮೆಣಸು, ಎಲ್ಲ ನನ್ನ ಹತ್ತಿರ ಇವೆ. ಕಾಲುಗಳು ಮಾತ್ರ ಅನುಕರಣೆಗೆ ಒಗ್ಗುವುದಿಲ್ಲ. ಸೈಕಲ್ ಸವಾರನ ಕಾಲುಗಳನ್ನು ನಾನು ಎಷ್ಟು ಸಲ ತೆಗೆಯಲು ನೋಡಿದರೂ ಬಂದದ್ದು ನಿರೂಪಕನ ಕಾಲುಗಳೇ.

ಮೊದಲ ಭಾನುವಾರ ದಾಸನಕೊಪ್ಪದ ಕಡೆ ಹೊರಟೆವು. ಅತ್ತ ಕೆಂಪು ಚುಕ್ಕಿ ಕಡಿಮೆ. ಸಿರ್ಸಿ ದಾಟಿ ಒಂದಷ್ಟು ದೂರ ಹೋದರೆ ಗುಡ್ಡಗಳಿಗೆ ಬೇಸರ ಬಂದು ಅವು ಮಲಗಿಬಿಡುತ್ತವೆ. ಗದ್ದೆ ಬಯಲಾಗುತ್ತ ವರದೆಯ ಕಡೆ ಚಾಚುತ್ತದೆ. ಕೊಯ್ಲು ಮುಗಿದಿತ್ತು. ಟಾರು ರಸ್ತೆಯ ಅರ್ಧಕ್ಕೆ ಗೋವಿನಜೋಳ ಒಣಗಲು ಹರವಿ, ಅದಕ್ಕೆ ಕಲ್ಲುಗಳ ಕಾವಲಿಟ್ಟಿದ್ದರು. ಉಳಿದ ಅರ್ಧ ಬಸ್ಸಿನದ್ದು. ನಮಗೆ ಸಿಕ್ಕಿದ್ದು ಜೋಳ ಮತ್ತು ಬಸ್ಸಿನ ನಡುವಿನ ಒಂದು ಗೆರೆ. ಭಾವ ಆ ಗೆರೆಯ ಮೇಲೆ ಹಾಡಿಕೊಳ್ಳುತ್ತ ಹೋದರು. ನಾನು ಹಿಂದೆ, ಅಂಗರಕ್ಷಕನಿಗೆ ಶೋಭಿಸುವಷ್ಟು ದೂರದಲ್ಲಿ, ಎಂದರೆ ಕಣ್ಣಿಗೆ ಕಾಣದಷ್ಟು.

ದಾಸನಕೊಪ್ಪದ ಚಹಾದಂಗಡಿಯವನು ನಮ್ಮ ಹೆಲ್ಮೆಟ್ಟು, ಬಿಗಿ ಚಡ್ಡಿ ಎಲ್ಲವನ್ನೂ ಒಂದು ಸುತ್ತು ಪರಾಂಬರಿಸಿ, "ಬರ್ರಿ, ಕುಂದರ್ರಿ. ಬಸ್ ತಪ್ಪಿತೇನ್ರಿ?" ಎಂದ. ಭಾವ ಆರೋಗ್ಯಕ್ಕಾಗಿ ಎಂದರು. ಅವನು ನನ್ನ ಕಡೆ ತಿರುಗಿ, ಹಾಗಾದರೆ ಆರಾಮಿಲ್ಲದವರು ನೀವಾ ಎಂದು ಕೇಳಿದ. ನನ್ನ ಮುಖ ಹಾಗಿತ್ತು. ಭಾವ ಅಷ್ಟು ಮನಸಾರೆ ನಕ್ಕಿದ್ದನ್ನು ನಾನು ಹುಬ್ಬಳ್ಳಿಯಿಂದ ಬಂದ ಮೇಲೆ ಕೇಳಿರಲಿಲ್ಲ. ಸಂಜೆ ಅಕ್ಕನಿಗೆ ವರದಿ ಒಪ್ಪಿಸಿದೆ: ಉಸಿರು ಸರಿ, ಚಹಾ ಸಕ್ಕರೆ ಇಲ್ಲದ್ದು. ಸೈಕಲ್ಲು ಜಗಲಿಯಲ್ಲೇ ಉಳಿಯಿತು.

ಹೀಗೆ ನಾಲ್ಕೈದು ಭಾನುವಾರ ಬಯಲಿನಲ್ಲಿ ಕಳೆದ ಮೇಲೆ ಭಾವನಿಗೆ ಧೈರ್ಯ ಬಂತು. ಸಿದ್ದಾಪುರದ ದಾರಿ ಹಿಡಿದು ಮನ್ಮನೆಗೆ ಹೋಗುವುದೆಂದು ತೀರ್ಮಾನವಾಯಿತು. ಆ ದಾರಿಯಲ್ಲಿ ಸಮತಟ್ಟು ಎಂಬುದು ಬರೀ ವದಂತಿ. ಒಂದು ಏರು ಮುಗಿಯಿತೆಂದು ನೀರು ಕುಡಿಯಲು ಬಾಟಲಿ ತೆಗೆಯುವಷ್ಟರಲ್ಲಿ ಇಳಿಜಾರು, ಬಾಟಲಿ ಇಡುವಷ್ಟರಲ್ಲಿ ಮತ್ತೆ ಏರು. ಮನ್ಮನೆಯಲ್ಲಿ ನನ್ನ ಸೋದರತ್ತೆಯ ಮನೆ. ನಕ್ಷೆಯಲ್ಲಿ ಅದು ಎಲ್ಲಕ್ಕಿಂತ ದೊಡ್ಡ ಚುಕ್ಕಿ. ತಪ್ಪಿಸಿಕೊಂಡು ಹೋಗಲು ಭಾವ ಗದ್ದೆಯ ಬದಿಯ ಒಂದು ಮಣ್ಣುದಾರಿಯನ್ನೂ ಹುಡುಕಿಟ್ಟಿದ್ದರು. ಅತ್ತೆ ಆ ಮಣ್ಣುದಾರಿಯ ಬಾಯಲ್ಲೇ ನಿಂತಿದ್ದಳು. ನಾವು ಹೊರಟ ಸುದ್ದಿ ನಮಗಿಂತ ಒಳ್ಳೆಯ ಗೇರಿನಲ್ಲಿ ಬಂದು ಮುಟ್ಟಿತ್ತು.

ಭಾವ ಕೈಕಾಲು ತೊಳೆಯಲು ಬಚ್ಚಲಿಗೆ ಹೋದರು. ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತ ಕೂತಿದ್ದ ಮಾವ, ಅತ್ತೆಯ ಗಂಡ, ನಿನ್ನ ಭಾವ ಏರು ಹತ್ತುವುದು ಹೇಗೆ, ಸ್ವಲ್ಪ ತೋರಿಸು ಎಂದ. ನನಗೆ ಇಷ್ಟು ಹೇಳಿದರೆ ಬೇಕಾದಷ್ಟಾಯಿತು. ಮಾವನ ಊರುಗೋಲನ್ನೇ ಹ್ಯಾಂಡಲ್ ಮಾಡಿಕೊಂಡು ಕೂತೆ. ಮೊದಲು ಮೂಗಿನ ಉಸಿರು. ಆಮೇಲೆ ಬಾಯಿ ತೆರೆದು. ಆಮೇಲೆ ಒಂದು ಸಣ್ಣ ತಡೆ. ತಡೆಯ ನಂತರ ಒಳಗಿನಿಂದ ಎಳೆದು ತೆಗೆದಂಥ ಒಂದು ಉದ್ದನೆಯ ಉಸಿರು, ಅದರ ಬಾಲಕ್ಕೆ ಒಂದು ನರಳು. ಮಾವ ನಕ್ಕ ರಭಸಕ್ಕೆ ಕವಳ ಅಂಗಳಕ್ಕೆ ಬಿತ್ತು. ನಾನು ಇನ್ನೊಂದು ಸಲ ಮಾಡಿದೆ. ಚಪ್ಪಾಳೆ ಕೇಳಿದ ಮೇಲೆ ನಿಲ್ಲಿಸುವ ಅಭ್ಯಾಸ ನನಗೆ ಇಲ್ಲ.

ಅಡುಗೆಮನೆಯಲ್ಲಿದ್ದ ಅತ್ತೆಗೆ ಕೇಳಿಸಿದ್ದು ನಗುವಲ್ಲ, ಉಸಿರು. ಅವಳು ಬೆಲ್ಲ-ನೀರು ಹಿಡಿದು ಹೊರಗೆ ಬರುವುದಕ್ಕೂ ಭಾವ ಬಿಸಿನೀರಿನಲ್ಲಿ ಮುಖ ತೊಳೆದು ಕೆಂಪಗೆ ಬಚ್ಚಲಿನಿಂದ ಬರುವುದಕ್ಕೂ ಸರಿಯಾಯಿತು. ಅವಳು ಆ ಮುಖ ನೋಡಿದಳು. ಏನೂ ಕೇಳಲಿಲ್ಲ. ನಮ್ಮಲ್ಲಿ ರೋಗಿಯ ಎದುರಿಗೆ ರೋಗದ ಮಾತಾಡುವುದು ಅಮರ್ಯಾದೆ. ಉಳಿದ ಎಲ್ಲರ ಎದುರಿಗೆ ಅದನ್ನು ಆಡದಿರುವುದು ಅದಕ್ಕಿಂತ ದೊಡ್ಡ ಅಮರ್ಯಾದೆ. ಊಟಕ್ಕೆ ಭಾವನ ಎಲೆಗೆ ಮಾತ್ರ ತುಪ್ಪವೂ ಇಲ್ಲ, ಉಪ್ಪಿನಕಾಯಿಯೂ ಇಲ್ಲ. ಅತ್ತೆಗೆ ಪಥ್ಯದ ತಿಳುವಳಿಕೆ ಎಷ್ಟಿದೆ ನೋಡು ಎಂದು ಅವರು ನನ್ನ ಕಿವಿಯಲ್ಲಿ ಮೆಚ್ಚಿಕೊಂಡರು. ಚಾಪೆ ಬಂತು. ನಾವು ಅಡ್ಡಾದೆವು. ಅತ್ತೆ ಕೊಟ್ಟಿಗೆಯ ಹಿಂದೆ, ಮೊಬೈಲಿಗೆ ಸಿಗ್ನಲ್ಲಿನ ಎರಡು ಕಡ್ಡಿ ಸಿಗುವ ಜಾಗಕ್ಕೆ ಹೋದಳು.

ಇವತ್ತು ಇಲ್ಲೇ ಉಳಿದು ನಾಳೆ ಬಸ್ಸಿಗೆ ಹೋಗಿ ಎಂದು ಅವಳು ಬಾಗಿಲಲ್ಲಿ ಹೇಳಿದ್ದನ್ನು ನಾವು ಉಪಚಾರ ಎಂದುಕೊಂಡೆವು. ಭಾವನ ಫೋನು ಸದ್ದು ನಿಲ್ಲಿಸಿಕೊಂಡು ನನ್ನ ಚೀಲದ ತಳದಲ್ಲಿತ್ತು. ನನ್ನದು, ಭಾವ ಇಳಿಜಾರಿನಲ್ಲಿ ಹೋಗುವುದನ್ನು ವಿಡಿಯೋ ಮಾಡಿ ಮಾಡಿ ಸತ್ತಿತ್ತು. ಹೀಗೆ ಏರು ಹತ್ತಿ, ಇಳಿದು, ನಡುವೆ ಎಲ್ಲಿಯೂ ನಿಲ್ಲದೆ ಭಾವ ಸಿರ್ಸಿ ಮುಟ್ಟಿದರು. ಅವರ ಬದುಕಿನ ಅತ್ಯುತ್ತಮ ಸವಾರಿ ಅದು. ಗಲ್ಲಿಗೆ ತಿರುಗುವಾಗ ಕೈ ಬಿಟ್ಟು ಸೈಕಲ್ ಹೊಡೆದು ತೋರಿಸಿದರು.

ಮನೆಯ ಮುಂದೆ ಚಪ್ಪಲಿಗಳು. ಮೆಟ್ಟಿಲು ತುಂಬಿ ಗೇಟಿನವರೆಗೆ. ಭಾವನ ಮುಖದ ಬಣ್ಣ ಇಳಿಯಿತು. ಸೈಕಲ್ಲನ್ನು ಗೋಡೆಗೆ ಒರಗಿಸಿ ಮೆಲ್ಲಗೆ ನನ್ನನ್ನು ಕೇಳಿದರು, "ತಮಾ, ಯಾರಿಗೆ ಎಂತ ಆತು?"

ಆದದ್ದು ಅವರಿಗೇ. ಮನ್ಮನೆಯಿಂದ ಹೊರಟ ಸುದ್ದಿ ಸಿದ್ದಾಪುರ ದಾಟುವಾಗ ಏದುಸಿರಾಗಿತ್ತು, ಸಿರ್ಸಿಗೆ ಬರುವಾಗ ಎರಡನೇ ಆಘಾತವಾಗಿತ್ತು, ಯಲ್ಲಾಪುರಕ್ಕೆ ಹೋಗಿ ತಿರುಗಿ ಬರುವಾಗ ಹುಬ್ಬಳ್ಳಿಗೆ ಸಾಗಿಸಿದ್ದೂ ಆಗಿತ್ತು. ನೋಡಿಕೊಂಡು ಹೋಗಲು ಜನ ಬಂದಿದ್ದರು. ಹೆಲ್ಮೆಟ್ಟು ತೆಗೆಯದೆ ಭಾವ ಒಳಗೆ ಕಾಲಿಟ್ಟಾಗ ಎಲ್ಲರ ಕತ್ತೂ ಬಾಗಿಲ ಕಡೆ ತಿರುಗಿತು. ಎಳನೀರು ತಂದಿದ್ದವರೊಬ್ಬರು ಅದನ್ನು ಕಾಲಿನಿಂದ ಮೆಲ್ಲಗೆ ಕುರ್ಚಿಯ ಕೆಳಗೆ ತಳ್ಳಿದರು. ಒಬ್ಬ ಹಿರಿಯರು, "ಹಾಂಗಾರೆ ನಿಂಗ್ಳು ಸೈಕಲ್ ಮೇಲೇ ಬಂದ್ರ?" ಎಂದರು. ಅದರಲ್ಲಿ ಸಂತೋಷ ಇತ್ತು, ಇಲ್ಲವೆಂದಲ್ಲ. ಬಸ್ಸಿನ ಪ್ರಯಾಣ ದಂಡವಾದ ನಿಟ್ಟುಸಿರೂ ಇತ್ತು.

ಅಕ್ಕ ಫೋನು ಹಿಡಿದು ಮೂಲೆಯಲ್ಲಿ ಕೂತಿದ್ದಳು. ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನನಗೆ ಅಟ್ಟದ ಏಣಿ ತರಲು ಹೇಳಿದಳು. ಅಷ್ಟೇ.

ತಪ್ಪು ನನ್ನದು ಎಂದು ನಾನು ಎಲ್ಲರ ಎದುರಿಗೆ ಒಪ್ಪಿಕೊಂಡೆ. ಒಪ್ಪಿಕೊಂಡದ್ದು ದೊಡ್ಡತನದಿಂದಲ್ಲ, ಭಾವ ಏನೂ ಅರ್ಥವಾಗದೆ ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತ ನಿಂತಿದ್ದ ಬಗೆ ನೋಡಲಾಗದೆ. ಯಾರೂ ನಂಬಲಿಲ್ಲ. ಭಾವನನ್ನು ಉಳಿಸಲು ಕತೆ ಕಟ್ಟುತ್ತಿದ್ದೇನೆ ಎಂದರು. ಹಾಗಾದರೆ ಮಾಡಿಯೇ ತೋರಿಸುತ್ತೇನೆ ಎಂದು ಕೋಣೆಯ ನಡುವೆ ಕೂತು ಉಸಿರು ತೆಗೆದೆ. ಮೂಗು, ಬಾಯಿ, ತಡೆ, ಎಳೆತ, ನರಳು. ಜನ ನಕ್ಕರು. ಬರೋಬ್ಬರಿ ಅವರದ್ದೇ ಎಂದರು. ನಾನು ತಲೆ ಬಾಗಿಸಿ ಶಹಬ್ಬಾಸ್‌ಗಿರಿ ತೆಗೆದುಕೊಳ್ಳುತ್ತಿದ್ದಾಗ ಅಕ್ಕ ಎದ್ದು ಒಳಗೆ ಹೋದಳು.

ಎಲ್ಲರೂ ಹೋದ ಮೇಲೆ ಅವಳು ಬಂದು ನನಗೊಬ್ಬನಿಗೇ ಹೇಳಿದಳು. "ಅದು ಸೈಕಲ್ ತುಳಿದ ಉಸಿರು ಅಲ್ಲ, ತಮಾ. ಹುಬ್ಬಳ್ಳಿಗೆ ಹೋಪಾಗ ಕಾರಲ್ಲಿ ಬಂದಿದ್ದು."

ನನಗೆ ಅದು ಗೊತ್ತೇ ಇರಲಿಲ್ಲ. ಧ್ವನಿ ತೆಗೆಯುವವನು ಎಲ್ಲಿಂದ ಎತ್ತಿದೆ ಎಂದು ಲೆಕ್ಕ ಇಟ್ಟುಕೊಳ್ಳುವುದಿಲ್ಲ. ಭುಜಕ್ಕೆ ಒರಗಿದ್ದ ತಲೆಯಿಂದ ಬಂದದ್ದನ್ನು ಹಾಗೇ ಎತ್ತಿಟ್ಟುಕೊಂಡಿದ್ದೆ. ತಿಂಗಳುಗಳ ಮೇಲೆ ಮಾವನನ್ನು ನಗಿಸಲು ಹೊರತೆಗೆದಿದ್ದೆ. ಆ ಉಸಿರನ್ನು ಆಮೇಲೆ ನಾನು ಯಾವ ಆರತಕ್ಷತೆಯಲ್ಲೂ ತೆಗೆದಿಲ್ಲ. ಇದನ್ನು ತ್ಯಾಗ ಎಂದು ಯಾರೂ ತಿಳಿಯಬಾರದು, ಪುರೋಹಿತರ ಸೀನು ಇನ್ನೂ ನಡೆಯುತ್ತಿದೆ.

ಸೈಕಲ್ಲು ಮೂರು ವಾರ ಅಟ್ಟದ ಮೇಲಿತ್ತು. ಭಾವ ಜಗಳ ಆಡಲಿಲ್ಲ. ಅಂಗಡಿಗೆ ಹೋಗುವ ಮೊದಲು ಒಂದು ನಿಮಿಷ ಅಟ್ಟದ ಬಾಯಿ ನೋಡುತ್ತಿದ್ದರು, ಅಷ್ಟೇ. ಅದು ಜಗಳಕ್ಕಿಂತ ಕೆಟ್ಟದ್ದು. ನಾಲ್ಕನೇ ವಾರ ಅಕ್ಕ ತಾನಾಗಿ ಹೇಳಿದಳು: ಯಾರದ್ದೋ ಬಾಯಿಯಿಂದ ಕೇಳುವುದು ಸಾಕಾಯಿತು, ತನ್ನ ಕಿವಿಯಿಂದಲೇ ಕೇಳುತ್ತೇನೆ. ಯಾವ ಏರು ಬೇಕೋ ಅದನ್ನು ಹತ್ತಿ ತೋರಿಸಲಿ, ಡಾಕ್ಟರು ಹೇಳಿದ ಹಾಗೆ ಮಾತಾಡುತ್ತ. ಆಮೇಲೆ ಸೈಕಲ್ಲು ಜಗಲಿಗೋ ಅಟ್ಟಕ್ಕೋ ತೀರ್ಮಾನ.

ಬುದ್ಧಿ ಇದ್ದವರು ಮನೆಯ ಹಿಂದಿನ ದಿಬ್ಬ ಆರಿಸಿಕೊಳ್ಳುತ್ತಿದ್ದರು. ಭಾವ ಅರಬೈಲ್ ಘಟ್ಟ ಎಂದರು. ನಾನು ಕೆಮ್ಮಿದೆ. ಅಕ್ಕ ಆಗಲಿ ಎಂದಳು.

ಶನಿವಾರ ಸೈಕಲ್ಲು ಮತ್ತು ಭಾವ ಬಾಳೆಗೊನೆ ಸಾಗಿಸುವ ಪಿಕಪ್‌ನಲ್ಲಿ ಯಲ್ಲಾಪುರಕ್ಕೆ ಹೋದರು. ಅಕ್ಕನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬೇಡ್ತಿ ಹೊಳೆ ದಾಟಿ ನಾನೂ ಹೋದೆ. ಮರುದಿನ ಬೆಳಿಗ್ಗೆ ಭಾವ ಸೈಕಲ್ಲಿನಲ್ಲಿ ಘಟ್ಟ ಇಳಿದರು, ಹಿಂದೆ ಸ್ಕೂಟರಿನಲ್ಲಿ ನಾವು. ಮೇಲೆ ಬೇಡ್ತಿ ಎನಿಸಿಕೊಂಡ ಹೊಳೆ ಕೆಳಗೆ ಹೆಸರು ಬದಲಿಸಿ ಗಂಗಾವಳಿಯಾಗುತ್ತದೆ. ಇಳಿಯುವಾಗ ಬೀಗುತ್ತಿದ್ದ ಭಾವ, ಕೆಳಗೆ ಸೈಕಲ್ ತಿರುಗಿಸಿ ತಲೆಯೆತ್ತಿದಾಗ ಬೇರೆ ಮನುಷ್ಯ ಆದಂತೆ ಕಂಡರು. ಅಂಕೋಲೆಯ ಕಡೆಯಿಂದ ಬರುವ ಲಾರಿಗಳು ಮೊದಲ ಗೇರಿನಲ್ಲಿ ಕೂಗುತ್ತ ನಮ್ಮನ್ನು ದಾಟುತ್ತಿದ್ದವು.

ಮಾತಾಡಲು ಅವರು ಆರಿಸಿಕೊಂಡ ವಿಷಯ ಅಂಗಡಿಯ ಕಪಾಟು. ಮೇಲಿನ ಸಾಲಿನಿಂದ ಒಂದೊಂದೇ ಔಷಧಿಯ ಹೆಸರು, ಯಾವ ಕಾಯಿಲೆಗೆ, ಊಟದ ಮೊದಲೋ ನಂತರವೋ ಎಲ್ಲ ಹೇಳುತ್ತ ತುಳಿದರು. ಮೊದಲ ತಿರುವಿನಲ್ಲಿ ಪೂರ್ತಿ ವಾಕ್ಯಗಳಿದ್ದವು. ಎರಡನೆಯದರಲ್ಲಿ ಊಟದ ಮೊದಲು, ನಂತರ ಎಂಬುದು ಬಿಟ್ಟುಹೋಯಿತು. ನಾಲ್ಕನೆಯದರಲ್ಲಿ ಬರೀ ಹೆಸರುಗಳು. ಆಮೇಲೆ ಹೆಸರುಗಳೂ ಎರಡು ತುಂಡಾದವು. ಪ್ಯಾರಾ ಒಂದು ಉಸಿರಿಗೆ, ಸಿಟಮಾಲ್ ಇನ್ನೊಂದಕ್ಕೆ. ನಾನು ಹಿಂದಿನಿಂದ ಸ್ಕೂಟರಿನ ಆಕ್ಸಿಲರೇಟರನ್ನು ಸುಮ್ಮನೆ ಜೋರು ಮಾಡಿದೆ, ಸದ್ದಿನಲ್ಲಿ ಮುಚ್ಚಿಹೋಗಲಿ ಎಂದು. ಅಕ್ಕ ನನ್ನ ಭುಜದ ಮೇಲೆ ಒಂದು ಕುಟ್ಟಿದಳು. ತಗ್ಗಿಸಿದೆ.

ಮುಂದಿನ ತಿರುವಿನಲ್ಲಿ, ತಡೆಗೋಡೆಯ ಹತ್ತಿರ, ಭಾವ ಕಾಲು ನೆಲಕ್ಕೆ ಊರಿದರು.

ಇಷ್ಟು ದಿನದ ಋಣ ತೀರಿಸುವ ಹೊತ್ತು ಇದೇ ಎನಿಸಿ ನಾನು ಸ್ಕೂಟರಿನಿಂದಲೇ ಕೂಗಿ ಹೇಳಿದೆ, ಭಾವ, ಚೈನು ಜಾರಿದ್ದು ಕಂಡಿತು, ಅದಕ್ಕೇ ಅಲ್ಲವಾ ಎಂದು. ಅವರು ಚೈನನ್ನು ನೋಡಿದರು. ನನ್ನನ್ನು ನೋಡಿದರು. ಒಂದು ಗಳಿಗೆ ಆ ನೆಪವನ್ನು ಕೈಯಲ್ಲಿ ತೂಗಿ ನೋಡಿದ ಹಾಗಿತ್ತು. ಆಮೇಲೆ ಅಕ್ಕನ ಕಡೆ ತಿರುಗಿದರು.

"ಚೈನು ಸಮಾ ಇದ್ದು. ಯಂಗೇ ಆಗ್ತಾ ಇಲ್ಲೆ. ಎದೆ ಹೊಡ್ಕತ್ತಾ ಇದ್ದು, ಕೂತ್ಗತ್ತೆ."

ಅಕ್ಕ ಇಳಿದು ಅವರನ್ನು ತಡೆಗೋಡೆಯ ಮೇಲೆ ಕೂರಿಸಿದಳು. ಕೈಗಡಿಯಾರ ನೋಡುತ್ತ ನಾಡಿ ಹಿಡಿದಳು. ನೋವಿದೆಯೇ, ಎಡಗೈ ಹೇಗಿದೆ, ಬೆವರು ತಣ್ಣಗಿದೆಯೇ ಎಂದು ಒಂದೊಂದೇ ಕೇಳಿದಳು. ಅವರು ಒಂದೊಂದಕ್ಕೂ ಮುಚ್ಚುಮರೆ ಇಲ್ಲದೆ ಹೇಳಿದರು. ನೋವಿಲ್ಲ, ಕೈ ಸರಿ ಇದೆ, ತೊಡೆ ಮಾತ್ರ ನಡುಗುತ್ತಿದೆ, ಇಲ್ಲಿಗೆ ಬರಬಾರದಾಗಿತ್ತು. ಐದು ನಿಮಿಷಕ್ಕೆ ಉಸಿರು ತನ್ನ ಹದಕ್ಕೆ ಬಂತು. ಅಟ್ಟದ ಏಣಿಯ ಭಾರ ನನ್ನ ಕೈಗೆ ಆಗಲೇ ತಾಗುತ್ತಿತ್ತು.

ಅಕ್ಕ ಕೈ ಬಿಡಲಿಲ್ಲ. "ಆ ದಿನ ಇಷ್ಟು ಹೇಳಿದ್ರೆ ಆಗ್ತಿತ್ತು," ಎಂದಳು. "ನಾಲ್ಕು ತಾಸು ಗ್ಯಾಸು ಹೇಳ್ತಾ ನಿಂತಿದ್ರಿ."

ಭಾವ ಇನ್ನೊಂದು ಕೈಯಿಂದ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದರು. ಎರಡು ಲಾರಿ ದಾಟಿದವು.

"ಸೈಕಲ್ ಜಗಲಿಲೇ ಇರ್ಲಿ," ಎಂದು ಅವಳು ಎದ್ದಳು.

ಘಟ್ಟ ಹತ್ತಿದವರಿಗೆ ಸೈಕಲ್ಲು ಸಿಗುತ್ತದೆ ಎಂದುಕೊಂಡು ನಾನು ಎಂಜಿನ್ ಸದ್ದು ಮಾಡುತ್ತ ಬಂದಿದ್ದೆ. ಅವಳು ಇಷ್ಟು ದೂರ ಬಂದದ್ದು ಆಗದಾಗ ಅವರು ಸೈಕಲ್ಲಿನಿಂದ ಇಳಿಯುತ್ತಾರೋ ಇಲ್ಲವೋ, ಇಳಿದು ನಿಜ ಹೇಳುತ್ತಾರೋ ಇಲ್ಲವೋ ನೋಡಲು. ಊರಿನವರನ್ನೆಲ್ಲ ಅನುಕರಿಸುವ ನನಗೆ ಸ್ವಂತ ಅಕ್ಕನ ಮನಸ್ಸಿನಲ್ಲಿ ಏನಿದೆ ಎಂದು ತಿಳಿದದ್ದು ಹೀಗೆ, ಎಲ್ಲರಿಗಿಂತ ಕೊನೆಗೆ.

ಸ್ಕೂಟರ್ ಒಂದು, ಜನ ಮೂವರು, ಜೊತೆಗೆ ಒಂದು ಸೈಕಲ್ಲು. ಅಕ್ಕ ಹೆಚ್ಚು ಯೋಚಿಸಲಿಲ್ಲ. ಕೀಲಿಗೆ ಕೈ ಚಾಚಿದಳು, ಭಾವನನ್ನು ಹಿಂದೆ ಕೂರಿಸಿಕೊಂಡಳು, ಮೇಲಿನ ಚಹಾದಂಗಡಿಯಲ್ಲಿ ಇರುತ್ತೇವೆ ಎಂದು ಹೊರಟೇಬಿಟ್ಟಳು. ಭಾವ ನನ್ನ ಕಡೆ ತಿರುಗಿ, ಸೈಕಲ್ಲನ್ನು ಎರಡನೇ ಗೇರಿನಲ್ಲೇ ಇಟ್ಟುಕೋ ಎಂದು ಎರಡು ಬೆರಳು ತೋರಿಸಿದರು.

ಎರಡು ತಿರುವು ತುಳಿದೆ. ಮೂರನೆಯದರಲ್ಲಿ ಇಳಿದು ಸೈಕಲ್ ನೂಕತೊಡಗಿದೆ. ಹಿಂದಿನಿಂದ ಬಂದ ಲಾರಿಯೊಂದು ನನ್ನ ನಡಿಗೆಯ ವೇಗಕ್ಕೇ ತೆವಳುತ್ತ ಜೊತೆಗೆ ಬಂತು. ಹುಬ್ಬಳ್ಳಿ ಕಡೆಯ ಚಾಲಕ ಕಿಟಕಿಯಿಂದ ಬಗ್ಗಿ, ಪಂಕ್ಚರ್ ಆಗೇತೇನು ಎಂದು ಕೇಳಿದ. ಇಲ್ಲ, ನನಗೇ ಆಗುತ್ತಿಲ್ಲ ಎಂದೆ.

"ಹಂಗಾರ ನಡ್ಕೋತ ಹೋಗ್ರಿ," ಎಂದ ಅವನು. "ಯಾರು ಬ್ಯಾಡ ಅಂದಾರ?"